ಸಾಧ್ಯವಾದ ಮಟ್ಟಿಗೆ

ಸರ್ಕಾರ ರೈತನಿಗೆ ಹಣ ಕೊಡುತ್ತದೆ ಎನ್ನುವಾಗ ‘ರೈತ’ ಎಂಬ ಶಬ್ದದಿಂದ ನಾವು ಗ್ರಹಿಸುವುದು ಯಾರನ್ನು? ಹೊಲದ ಒಡೆಯನನ್ನೋ, ಹೊಲ ಉಳುವವನನ್ನೋ? ಇಬ್ಬರೂ ಒಬ್ಬನೇ ಆಗಿರುವಲ್ಲಿ ತೊಡಕಿಲ್ಲ. ಬೇರೆ ಬೇರೆಯಾದಾಗ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಆರ್ಕನ್ಸಾ ರಾಜ್ಯದ ಪಾಯಿನ್ಸೆಟ್ ಕೌಂಟಿಯ ಇತಿಹಾಸವನ್ನು ನೋಡಬೇಕು. ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಒಂದು ಆಡಳಿತ ವಿಭಾಗ.

ಅದು ಹತ್ತಿಯ ನಾಡು. ದೊಡ್ಡ ದೊಡ್ಡ ಒಡೆಯರು. ಅವರ ಭೂಮಿಯನ್ನು ಕೋರಿಗೆ ಮಾಡುವ ಕರಿಯರು, ಬಿಳಿಯರು. 1929ರಲ್ಲಿ ಪೌಂಡಿಗೆ ಸುಮಾರು 17 ಸೆಂಟ್ ಇದ್ದ ಹತ್ತಿಯ ಬೆಲೆ 1932ರ ಹೊತ್ತಿಗೆ 7 ಸೆಂಟಿಗೂ ಕೆಳಗಿಳಿಯಿತು. 1933ರಲ್ಲಿ ರೂಸ್‌ವೆಲ್ಟರ ಸರ್ಕಾರ ಹೊಸ ಕಾನೂನೊಂದನ್ನು ತಂದು, ಬೆಳೆಯನ್ನು ಕಡಿಮೆ ಮಾಡಿದವರಿಗೆ ಹಣ ಕೊಡತೊಡಗಿತು. ಆ ವರ್ಷ ಸುಮಾರು ಒಂದು ಕೋಟಿ ಎಕರೆಯಲ್ಲಿ ಬೆಳೆದು ನಿಂತಿದ್ದ ಹತ್ತಿಯನ್ನು ಉತ್ತು ಹಾಕಿದರು. ಸಾಲು ತುಳಿಯದಂತೆ ಪಳಗಿದ್ದ ಹೇಸರಗತ್ತೆಗಳು ಗಿಡದ ಮೇಲೆ ಕಾಲಿಡಲು ಒಪ್ಪಲಿಲ್ಲವೆಂದು ಅಲ್ಲಿ ಈಗಲೂ ಒಂದು ಕಥೆ ಹೇಳುತ್ತಾರೆ.

1934–35ರ ಕರಾರಿನಲ್ಲಿ ಹಣ ಹಂಚಿಕೆಯಾದ ಬಗೆ ಇದು: ಬೀಳುಬಿಟ್ಟ ಭೂಮಿಯ ಬಾಡಿಗೆಯೆಂದು ಪೌಂಡಿಗೆ 3.5 ಸೆಂಟ್, ಅದಷ್ಟೂ ಒಡೆಯನಿಗೆ. ಬೆಲೆಯ ಕೊರತೆ ತುಂಬಲು ಇನ್ನೊಂದು ಸೆಂಟ್. ಅದರಲ್ಲಿ ಅರ್ಧ ಕೋರಿನವನಿಗೆ. ಆ ಅರ್ಧ ಸೆಂಟೂ ಒಡೆಯನ ಕೈಯಿಂದಲೇ ಬರಬೇಕು. ಒಡೆಯನ ಅಂಗಡಿಯಲ್ಲಿ ಅವನ ಸಾಲದ ಲೆಕ್ಕ ಕಾದಿರುತ್ತಿತ್ತು. ದೂರು ಕೇಳಬೇಕಾದ ಸ್ಥಳೀಯ ಸಮಿತಿಗಳಲ್ಲಿ ಕುಳಿತಿದ್ದವರು ಬಹುಮಟ್ಟಿಗೆ ಒಡೆಯರೇ.

ಅದೇ ಕರಾರಿನ ಏಳನೆಯ ಕಲಮು, ಒಡೆಯನು ‘ಸಾಧ್ಯವಾದ ಮಟ್ಟಿಗೆ’ ತನ್ನ ಗೇಣಿದಾರರ ಸಂಖ್ಯೆಯನ್ನು ಉಳಿಸಿಕೊಳ್ಳಬೇಕೆಂದು ಹೇಳುತ್ತಿತ್ತು. ನಾನು ಬಹುಕಾಲ ವ್ಯಾಕರಣ ಪಾಠ ಹೇಳಿದವನು. ಒಂದು ಕ್ರಿಯಾವಿಶೇಷಣ ಇಷ್ಟು ಜನರನ್ನು ಮನೆ ಬಿಡಿಸಿದ ಇನ್ನೊಂದು ಉದಾಹರಣೆಯನ್ನು ಕಂಡಿಲ್ಲ. ಬೀಳುಬಿಟ್ಟ ಹೊಲಕ್ಕೆ ಆಳು ಏಕೆ? ಒಕ್ಕಲೆಬ್ಬಿಸುವುದು ಆರಂಭವಾಯಿತು. 1934ರ ಜುಲೈಯಲ್ಲಿ ಪಾಯಿನ್ಸೆಟ್ ಕೌಂಟಿಯ ಟೈರೋಂಜಾ ಎಂಬ ಸಣ್ಣ ಊರಿನ ಬಳಿಯ ಶಾಲೆಯೊಂದರಲ್ಲಿ 11 ಮಂದಿ ಬಿಳಿಯರೂ 7 ಮಂದಿ ಕರಿಯರೂ ಒಟ್ಟಿಗೆ ಕುಳಿತು ದಕ್ಷಿಣದ ಗೇಣಿದಾರರ ಸಂಘವನ್ನು ಕಟ್ಟಿದರು. ಆ ಸೀಮೆಯಲ್ಲಿ, ಆ ಕಾಲದಲ್ಲಿ, ಹಾಗೆ ಒಟ್ಟಿಗೆ ಕೂರುವುದೇ ಸಾಹಸ.

ಇತ್ತ ವಾಷಿಂಗ್ಟನ್ನಿನಲ್ಲಿ ಸರ್ಕಾರದ ವಕೀಲರು ಅದೇ ಕಲಮಿನ ಅರ್ಥಕ್ಕಾಗಿ ಹೋರಾಡುತ್ತಿದ್ದರು. ಉಳಿಯಬೇಕಾದದ್ದು ಅಷ್ಟೇ ಸಂಖ್ಯೆಯ ಗೇಣಿದಾರರೋ, ಅವರೇ ಗೇಣಿದಾರರೋ? ಅವರೇ ಉಳಿಯಬೇಕೆಂದು ಜೆರೋಮ್ ಫ್ರಾಂಕರ ಕಾನೂನು ವಿಭಾಗ ಅರ್ಥ ಮಾಡಿತು. 1935ರ ಫೆಬ್ರವರಿಯಲ್ಲಿ ಫ್ರಾಂಕರನ್ನೂ ಅವರ ಕೆಲವು ಸಹೋದ್ಯೋಗಿಗಳನ್ನೂ ಕೆಲಸದಿಂದ ತೆಗೆಯಲಾಯಿತು. ಕೃಷಿ ಮಂತ್ರಿ ಹೆನ್ರಿ ವ್ಯಾಲೇಸರು ಅದಕ್ಕೆ ಒಪ್ಪಿಗೆಯಿತ್ತರು. ಸಜ್ಜನರೆಂದು ಹೆಸರಾದವರು, ಆದರೂ ಒಪ್ಪಿದರು.

1936ರಲ್ಲಿ ಸುಪ್ರೀಂ ಕೋರ್ಟು ಆ ಕಾನೂನಿನ ಮುಖ್ಯ ಭಾಗವನ್ನೇ ತಳ್ಳಿಹಾಕಿತು. 1938ರಲ್ಲಿ ಹೊಸದು ಬಂದಿತು. ಅಷ್ಟರಲ್ಲಿ ಎಷ್ಟೋ ಒಡೆಯರು ಕೋರಿನವರನ್ನು ಬಿಟ್ಟು ಕೂಲಿಯಾಳುಗಳನ್ನು ಹಿಡಿದಿದ್ದರು, ಟ್ರಾಕ್ಟರೂ ಬರತೊಡಗಿತ್ತು.

ಈ ಕಥೆಯನ್ನು ಓದುವಾಗ ನನಗೆ ನಮ್ಮ ಪಹಣಿಯ ನೆನಪಾಗುತ್ತದೆ. 2019ರಲ್ಲಿ ಪ್ರಕಟವಾದ ಪಿಎಂ-ಕಿಸಾನ್ ಯೋಜನೆ ವರ್ಷಕ್ಕೆ 6,000 ರೂಪಾಯಿ ಕೊಡುವುದು ತಮ್ಮ ಹೆಸರಿನಲ್ಲಿ ಭೂಮಿ ಇರುವ ಕುಟುಂಬಗಳಿಗೆ. ಹಣ ನೇರವಾಗಿ ಬ್ಯಾಂಕಿಗೆ ಬರುತ್ತದೆ. ನಡುವೆ ಒಡೆಯನ ಕೈಯಿಲ್ಲ, ಅದು ದೊಡ್ಡ ಸುಧಾರಣೆಯೇ. ಆದರೆ ಬಾಯಿಮಾತಿನ ಮೇಲೆ ಪರರ ಹೊಲವನ್ನು ಕೋರಿಗೆ ಮಾಡುವವನ ಹೆಸರು ಪಹಣಿಯಲ್ಲಿಲ್ಲ. 1974ರ ಭೂಸುಧಾರಣೆಯ ತರುವಾಯ ನಮ್ಮಲ್ಲಿ ಗೇಣಿಯೇ ಬಹುಮಟ್ಟಿಗೆ ನಿಷಿದ್ಧವಾದ್ದರಿಂದ, ತಾನು ಉಳುತ್ತಿದ್ದೇನೆಂದು ಅವನು ಕಚೇರಿಗೆ ಹೋಗಿ ಹೇಳುವಂತೆಯೂ ಇಲ್ಲ. ಹೇಳಿದರೆ ಮರುವರ್ಷ ಆ ಹೊಲ ಅವನಿಗೆ ಸಿಕ್ಕುವುದಿಲ್ಲ.