ಮೊದಲ ದಿನದ 15 ಪರ್ಸೆಂಟ್

ಇವತ್ತು ಪುಸ್ತಕ ಲೋಕದ ಒಂದು ಜಗಳದ ಕಥೆ. ಇದರ ಬಗ್ಗೆ ನಾನು ಹುಡುಕಿ ಓದಿದ್ದಕ್ಕೆ ಒಂದು ಸ್ವಂತ ಕಾರಣ ಇದೆ. ಅದನ್ನ ಕೊನೆಗೆ ಹೇಳ್ತೀನಿ.

ಇಂಗ್ಲಿಷ್ ಪ್ರಕಾಶನದಲ್ಲಿ ಲಿಟರರಿ ಏಜೆಂಟ್ ಅಂತ ಇರ್ತಾರೆ. ಲೇಖಕರ ಪರವಾಗಿ ಪ್ರಕಾಶಕರನ್ನ ಹುಡುಕೋದು, ದುಡ್ಡಿನ ಮಾತಾಡೋದು, ಒಪ್ಪಂದ ನೋಡೋದು ಅವರ ಕೆಲಸ. ಬ್ರಿಟನ್‌ನಲ್ಲಿ ಅದಕ್ಕೆ ಸಾಮಾನ್ಯವಾಗಿ ಲೇಖಕರ ಆದಾಯದಲ್ಲಿ 15 ಪರ್ಸೆಂಟ್ ಕಮಿಷನ್. ಕನ್ನಡದಲ್ಲಿ ಹೆಚ್ಚಿನವರು ಪ್ರಕಾಶಕರ ಜೊತೆ ನೇರವಾಗೇ ಮಾತಾಡ್ತಾರೆ, ಹಾಗಾಗಿ ನಮಗೆ ಈ ವ್ಯವಸ್ಥೆ ಅಷ್ಟು ಪರಿಚಯ ಇಲ್ಲ.

ಜೆ.ಕೆ. ರೌಲಿಂಗ್ ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ ಅವರ ಹಸ್ತಪ್ರತಿಯನ್ನ ಕೈಗೆತ್ತಿಕೊಂಡಿದ್ದು ಲಂಡನ್ನಿನ ಕ್ರಿಸ್ಟೋಫರ್ ಲಿಟಲ್ ಏಜೆನ್ಸಿ. 12 ಪ್ರಕಾಶಕರು ಬೇಡ ಅಂದ್ರು. ಕೊನೆಗೆ ಬ್ಲೂಮ್ಸ್‌ಬರಿ ಒಪ್ಪಿತು. 1997ರಲ್ಲಿ ಹ್ಯಾರಿ ಪಾಟರ್‌ನ ಮೊದಲ ಪುಸ್ತಕ ಬಂದಾಗ ಗಟ್ಟಿ ರಟ್ಟಿನ ಪ್ರತಿ ಅಚ್ಚಾಗಿದ್ದು ಬರೀ 500. 2011ರಲ್ಲಿ ರೌಲಿಂಗ್ ಆ ಏಜೆನ್ಸಿ ಬಿಟ್ಟು, ಅಲ್ಲೇ ಕೆಲಸ ಮಾಡ್ತಿದ್ದ ವಕೀಲ ನೀಲ್ ಬ್ಲೇರ್ ಶುರು ಮಾಡಿದ ಹೊಸ ಸಂಸ್ಥೆಗೆ ಹೋದ್ರು. ಸುಮಾರು 16 ವರ್ಷದ ಸಂಬಂಧ ಅದು.

ಕೇಳಿದ ತಕ್ಷಣ 'ಛೆ, ಹತ್ತಿದ ಏಣಿ ಒದ್ದರಲ್ಲ' ಅಂತ ಅನ್ಸುತ್ತೆ. ನಾನು ಬಿ.ಕಾಂ ಓದಿದವನು, ಸ್ವಲ್ಪ ಲೆಕ್ಕ ಹಾಕಿ ನೋಡ್ದೆ. 1,000 ಪೌಂಡ್ ಬಂದರೆ ಏಜೆಂಟ್‌ಗೆ 150. ಅಷ್ಟು ಓಡಾಟಕ್ಕೆ ಅದು ಏನೇನೂ ಅಲ್ಲ. 1 ಕೋಟಿ ಪೌಂಡ್ ಬಂದರೆ 15 ಲಕ್ಷ. ಆಗ ಲೇಖಕರಿಗೆ, 'ಈಗ ಪ್ರಕಾಶಕರೇ ನನ್ನ ಹಿಂದೆ ಬರ್ತಾರಲ್ಲ, ಇಷ್ಟು ಯಾಕೆ ಕೊಡ್ಬೇಕು?' ಅನ್ಸುತ್ತೆ. ಏಜೆಂಟ್‌ಗೆ, 'ಆ 150ರ ದಿನಗಳನ್ನ ನಾನು ಸಹಿಸಿದ್ದು ಈ ದಿನಕ್ಕೇ ಅಲ್ವಾ?' ಅನ್ಸುತ್ತೆ. ಇಬ್ಬರ ಮಾತಲ್ಲೂ ನ್ಯಾಯ ಇದೆ.

ಇದಕ್ಕೆ ಒಂದು ದಾರಿ ಇದೆ. ಲೇಖಕರು ಬಿಟ್ಟು ಹೋದ್ರೂ, ಹಳೇ ಏಜೆಂಟ್ ಮಾಡಿಸಿದ ಒಪ್ಪಂದಗಳ ಕಮಿಷನ್ ಸಾಮಾನ್ಯವಾಗಿ ಅವರಿಗೇ ಬರ್ತಿರುತ್ತೆ. ನಮ್ಮ ಎಲ್‌ಐಸಿ ಏಜೆಂಟ್‌ಗಳಿಗೆ ವರ್ಷವರ್ಷ ರಿನ್ಯೂವಲ್ ಕಮಿಷನ್ ಬರುತ್ತಲ್ಲ, ಹಾಗೆ. ಆದ್ರೆ ಅದನ್ನ ಸಂಬಂಧ ಚೆನ್ನಾಗಿರುವಾಗಲೇ ಬರೆದಿಟ್ಟಿರಬೇಕು.

ದುಡ್ಡಿನ ಲೆಕ್ಕ ಹೀಗೆ ಮುಗಿಯಬಹುದು, ಮನಸ್ಸಿನದ್ದು ಮುಗಿಯಲ್ಲ. 1995ರ ಹೊತ್ತಿಗೆ ಕಾದಂಬರಿಕಾರ ಮಾರ್ಟಿನ್ ಏಮಿಸ್, 'ದಿ ಇನ್‌ಫರ್ಮೇಶನ್' ಪುಸ್ತಕಕ್ಕೆ ಸುಮಾರು 5 ಲಕ್ಷ ಪೌಂಡ್ ಮುಂಗಡ ಬೇಕು ಅಂತ, ಬಹಳ ವರ್ಷ ಜೊತೆಗಿದ್ದ ಏಜೆಂಟ್ ಪ್ಯಾಟ್ ಕ್ಯಾವನಾ ಅವರನ್ನ ಬಿಟ್ಟು ಆಂಡ್ರ್ಯೂ ವೈಲಿ ಹತ್ರ ಹೋದ್ರು. ಪ್ಯಾಟ್ ಅವರ ಗಂಡ ಲೇಖಕ ಜೂಲಿಯನ್ ಬಾರ್ನ್ಸ್, ಏಮಿಸ್‌ನ ಆಪ್ತ ಗೆಳೆಯ. ಅವರು ಪತ್ರ ಬರೆದು ಆ ಗೆಳೆತನ ಮುರಿದ್ರು.

ಈಗ ನನ್ನ ವಿಷಯ. ಈ ಪಾಡ್‌ಕಾಸ್ಟ್‌ನ ಮೊದಲ 40 ಎಪಿಸೋಡ್‌ಗಳನ್ನ ನನ್ನ ಗೆಳೆಯ ಒಂದು ರೂಪಾಯಿ ತಗೊಳ್ದೆ ಎಡಿಟ್ ಮಾಡಿದ. ಮೊದಲ ಸ್ಪಾನ್ಸರ್ ತಂದವನೂ ಅವನೇ. ಪಾಲಿನ ಮಾತೆತ್ತಿದಾಗ 'ಮಗಾ, ಅದೆಲ್ಲ ಈಗ್ಯಾಕೋ' ಅಂದ. ನಾನೂ ಸುಮ್ಮನಾದೆ. ಈಗ ಒಂದು ಸ್ಟುಡಿಯೋದವರು ಕರೆದಿದ್ದಾರೆ. ಅವರಿಗೆ ನಾನು ಸಾಕು, ಅವನು ಬೇಡ. ಒಪ್ಕೊಬೇಕು ಅಂತಾನೇ ಇದ್ದೀನಿ, ಸುಳ್ಳು ಹೇಳಲ್ಲ.

ಅವನು ತಂದ ಸ್ಪಾನ್ಸರ್ ಇರೋವರೆಗೂ, ಹಳೇ ಎಪಿಸೋಡ್‌ಗಳಿಂದ ದುಡ್ಡು ಬರೋವರೆಗೂ ಅವನ ಪಾಲು ಅವನಿಗೆ ಅಂತ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿದ್ದೀನಿ. ಪರ್ಸೆಂಟ್ ಜಾಗ ಖಾಲಿ ಬಿಟ್ಟಿದ್ದೀನಿ, ಅದನ್ನ ಅವನೇ ತುಂಬ್ಲಿ.

ಈ ಎಪಿಸೋಡ್‌ನ ಎಡಿಟ್ ಮಾಡೋದೂ ಅವನೇ. ಹೆಡ್‌ಫೋನ್‌ನಲ್ಲಿ ಕೇಳಿ ಅವನಿಗೆ ಗೊತ್ತಾಗಬಾರದು. ಅದಕ್ಕೇ ಇವತ್ತು ಸಂಜೆ ಮೊದಲು ಅವನ ಮನೆಗೆ ಹೋಗ್ತೀನಿ. ಆಮೇಲೆ ಫೈಲ್ ಕಳಿಸ್ತೀನಿ.