ವಿದುರಾಶ್ವತ್ಥದಲ್ಲಿ ಗುಂಡು ಹಾರಿಸಿದ್ದು ಯಾರು?

ಪೀಣ್ಯದಲ್ಲಿ ಶಿಫ್ಟ್ ಮುಗಿಸಿ ಬಸ್ಸಲ್ಲಿ ಕೂತವರು, ವೈಟ್‌ಫೀಲ್ಡ್ ಟ್ರಾಫಿಕ್ಕಲ್ಲಿ ಸಿಕ್ಕಿಹಾಕ್ಕೊಂಡವರು, ಇಯರ್‌ಫೋನ್ ಹಾಕ್ಕೊಳ್ಳಿ. ಇವತ್ತು ಗೌರಿಬಿದನೂರು ಪಕ್ಕದ ವಿದುರಾಶ್ವತ್ಥದ ಬಗ್ಗೆ ಮಾತಾಡೋಣ.

ಈ ಊರನ್ನ ನಮ್ಮಲ್ಲಿ ತುಂಬಾ ಜನ ನೋಡಿರ್ತೀರ. ಅಶ್ವತ್ಥನಾರಾಯಣನ ದೇವಸ್ಥಾನ, ಸಾಲು ಸಾಲು ನಾಗರಕಲ್ಲು. ವಿದುರ ನೆಟ್ಟಿದ್ದು ಅಂತ ಜನ ನಂಬಿದ್ದ ಅರಳಿ ಮರ 2001ರಲ್ಲಿ ಬಿದ್ದುಹೋಯ್ತು. ಪೂಜೆ ಮಾಡಿಸಿ, ಊಟ ಮಾಡಿ ವಾಪಸ್ ಬರ್ತೀವಿ. ಅಲ್ಲೇ ಇರೋ ಹುತಾತ್ಮರ ಸ್ತೂಪ ಮತ್ತು ವೀರಸೌಧದ ಕಡೆ ಎಷ್ಟು ಜನ ಹೋಗಿದ್ದೀವಿ?

ವೀರಸೌಧ ಒಂದು ಸ್ಮಾರಕ ಮ್ಯೂಸಿಯಂ. ಗಾಂಧೀಜಿ, ದೇಶದ ಸ್ವಾತಂತ್ರ್ಯ ಹೋರಾಟ, ಎಲ್ಲಾ ಚಿತ್ರಗಳಲ್ಲಿದೆ. ಆದ್ರೆ ಅದು ಇದೇ ಊರಲ್ಲಿ ಯಾಕಿದೆ ಅನ್ನೋದು ಮುಖ್ಯ.

1938. ಮೈಸೂರು ಸಂಸ್ಥಾನದಲ್ಲಿ ಕಾಂಗ್ರೆಸ್ಸಿನ ಚರಕದ ಬಾವುಟ ಹಾರಿಸೋಕೆ ಅಡ್ಡಿ ಇತ್ತು. ಏಪ್ರಿಲ್ 11ರಂದು ಮದ್ದೂರು ಹತ್ತಿರದ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯ ಬಾವುಟ ಹಾರಿಸಿ ಅರೆಸ್ಟ್ ಆದ್ರು. ಸತ್ಯಾಗ್ರಹ ಊರೂರಿಗೆ ಹಬ್ಬಿತು. ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಜನ ಸೇರಿದ್ರು, ಪೊಲೀಸರು ಗುಂಡು ಹಾರಿಸಿದ್ರು. ಸತ್ತವರೆಷ್ಟು? ಸರ್ಕಾರದ ಲೆಕ್ಕ ಹತ್ತರ ಆಸುಪಾಸು, ಜನರ ಲೆಕ್ಕ ಮೂವತ್ತಕ್ಕೂ ಮೇಲೆ. ನಾನು ಬಿ.ಕಾಂ. ಓದಿದವನು. ಎರಡು ಪುಸ್ತಕದ ಲೆಕ್ಕ ಇಷ್ಟು ದೂರ ಇದ್ರೆ ಯಾರು ಬರೆದಿದ್ದು ಅಂತ ಮೊದಲು ಕೇಳ್ತೀವಿ, ಅಲ್ವಾ?

'ಕರ್ನಾಟಕದ ಜಲಿಯನ್‌ವಾಲಾ ಬಾಗ್' ಅಂತ ಇದನ್ನ ಕರೀತಾರೆ. ಗೌರವದ ಹೆಸರು, ಒಪ್ಪೋಣ. ಆದ್ರೆ ಆ ಹೆಸರು ಒಂದು ವಿಷಯ ಮುಚ್ಚಿಬಿಡುತ್ತೆ. 1919ರಲ್ಲಿ ಅಮೃತಸರದಲ್ಲಿ ಆದೇಶ ಕೊಟ್ಟವನು ಬ್ರಿಟಿಷ್ ಅಧಿಕಾರಿ. ಇಲ್ಲಿ ಗುಂಡು ಹಾರಿಸಿದ್ದು ಮೈಸೂರು ಸರ್ಕಾರದ ಪೊಲೀಸರು. ಮಹಾರಾಜರು ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನರು ಮಿರ್ಜಾ ಇಸ್ಮಾಯಿಲ್. ಇಬ್ಬರನ್ನೂ ನಾವು ಇವತ್ತಿಗೂ ಪ್ರೀತಿಯಿಂದ ನೆನೀತೀವಿ, ನೆನೀಬೇಕು ಕೂಡ. ಒಳ್ಳೆ ಆಡಳಿತ ಕೊಟ್ಟ ಸರ್ಕಾರವೂ ಬಾವುಟಕ್ಕೆ ಹೆದರಿ ಗುಂಡು ಹಾರಿಸಬಹುದು. ಎರಡೂ ಒಟ್ಟಿಗೆ ನಿಜ. ಒಂದನ್ನ ಹೇಳೋಕೆ ಇನ್ನೊಂದನ್ನ ಅಳಿಸಬೇಕಾಗಿಲ್ಲ.

ಆಮೇಲೇನಾಯ್ತು? ಗಾಂಧೀಜಿ ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿಯವರನ್ನ ಕಳಿಸಿದ್ರು. ಮಿರ್ಜಾ–ಪಟೇಲ್ ಒಪ್ಪಂದ ಆಯ್ತು: ಮೈಸೂರಿನ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜಕ್ಕೂ ಜಾಗ. ಆದ್ರೆ ಜನರಿಗೆ ಉತ್ತರ ಕೊಡೋ ಸರ್ಕಾರ ಬೇಕು ಅನ್ನೋ ಬೇಡಿಕೆ ಹಾಗೇ ಉಳೀತು. 1947ರ ಆಗಸ್ಟ್ 15ಕ್ಕೂ ಅದು ಈಡೇರಲಿಲ್ಲ! ಸೆಪ್ಟೆಂಬರಲ್ಲಿ 'ಮೈಸೂರು ಚಲೋ' ನಡೆದು, ಅಕ್ಟೋಬರಲ್ಲಿ ಕೆ.ಸಿ. ರೆಡ್ಡಿ ಮಂತ್ರಿಮಂಡಲ ಬಂದ ಮೇಲೇ ಇಲ್ಲಿನ ಹೋರಾಟ ಒಂದು ದಡ ಸೇರಿದ್ದು.

ನಾವು ಸ್ವಾತಂತ್ರ್ಯ ಅಂದ್ರೆ ದೆಹಲಿ, ದಂಡಿ ಅಂತ ರೀಲ್ಸ್ ನೋಡ್ತೀವಿ. ಬೆಂಗಳೂರು–ಹಿಂದೂಪುರ ರೈಲು ಮಾರ್ಗದಲ್ಲಿ ಗೌರಿಬಿದನೂರು ದಾಟಿದ್ರೆ ವಿದುರಾಶ್ವತ್ಥ ಅಂತ ಸ್ಟೇಷನ್ನೇ ಇದೆ. ಬೈಕಲ್ಲಾದ್ರೆ ಯಲಹಂಕ, ದೊಡ್ಡಬಳ್ಳಾಪುರ ದಾರಿ. ನಂದಿ ಬೆಟ್ಟದಲ್ಲಿ ಸೂರ್ಯೋದಯ ನೋಡೋಕೆ ಹೋಗೋರು ಒಂದು ಭಾನುವಾರ ಇನ್ನೂ ಸ್ವಲ್ಪ ಮುಂದೆ ಹೋಗಿ. ದೇವರಿಗೆ ಕೈ ಮುಗಿದ ಮೇಲೆ ಸ್ತೂಪದ ಹತ್ರ ಎರಡು ನಿಮಿಷ ನಿಲ್ಲಿ. ಅಲ್ಲಿ ಬಿದ್ದವರು ದೊಡ್ಡ ಲೀಡರ್‌ಗಳಲ್ಲ, ಸುತ್ತಮುತ್ತಲ ಹಳ್ಳಿಯವರು.

ನಿಮ್ಮ ಮನೇಲಿ ಆ ಕಡೆಯ ಅಜ್ಜ–ಅಜ್ಜಿ ಇದ್ರೆ, ಆ ದಿನದ ಬಗ್ಗೆ ಅವರ ಹಿರಿಯರು ಹೇಳಿದ್ದು ನೆನಪಿದೆಯಾ ಅಂತ ಕೇಳಿ. ಫೋನಲ್ಲಿ ರೆಕಾರ್ಡ್ ಮಾಡಿಟ್ಕೊಳ್ಳಿ. ಲೆಕ್ಕ ಇನ್ನೂ ಕ್ಲೋಸ್ ಆಗಿಲ್ಲ. ಮುಂದಿನ ವಾರ ಸಿಗೋಣ.