ಸಮೋವಾದ ಹೆಣ್ಮಕ್ಕಳು ಮತ್ತು ನಮ್ಮ ಮನೆಯ ಮೌನ

(ಹೆತ್ತವರ ಸಭೆಯೊಂದರಲ್ಲಿ ಮಾಡಿದ ಭಾಷಣದ ಪೂರ್ಣಪಾಠ)



ಮನುಷ್ಯನ ವರ್ತನೆ, ಸಂಸ್ಕೃತಿ ಹಾಗೂ ಲೈಂಗಿಕತೆಯ ಕುರಿತಾದ ಸಂಶೋಧನೆಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದು ನನಗೆ ವಹಿಸಲಾದ ವಿಷಯ. ಲೈಂಗಿಕತೆ ಎಂಬ ಪದ ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಕೆಲವರು ಮುಖ ತಿರುಗಿಸುತ್ತಾರೆ. ಇನ್ನು ಕೆಲವರು ಪಾಶ್ಚಾತ್ಯ ವಿದ್ವಾಂಸರು ಹೇಳಿದ್ದೆಲ್ಲಕ್ಕೂ ತಲೆದೂಗುತ್ತಾರೆ. ಇಬ್ಬರೂ ಪರಿಶೀಲಿಸುವ ಶ್ರಮವನ್ನು ತಪ್ಪಿಸಿಕೊಳ್ಳುತ್ತಾರೆ. ಆದ್ದರಿಂದ ಒಂದು ಪ್ರಕರಣವನ್ನು ನಿಮ್ಮ ಮುಂದಿಡುತ್ತೇನೆ.

1925ರಲ್ಲಿ ಮಾರ್ಗರೆಟ್ ಮೀಡ್ ಎಂಬ 23ರ ಹರೆಯದ ಅಮೇರಿಕನ್ ಸಂಶೋಧಕಿ ಪೆಸಿಫಿಕ್ ಸಾಗರದ ಸಮೋವಾಕ್ಕೆ ತೆರಳಿದರು. ಹದಿಹರೆಯದ ತಳಮಳವು ದೇಹಸಹಜವೋ ಅಥವಾ ಸಂಸ್ಕೃತಿಯ ಫಲವೋ ಎಂಬುದು ಅವರ ಗುರು ಫ್ರಾಂಜ್ ಬೋವಾಸ್ ಒಪ್ಪಿಸಿದ್ದ ಪ್ರಶ್ನೆಯಾಗಿತ್ತು. ಮೂರು ಹಳ್ಳಿಗಳ 68 ಹೆಣ್ಮಕ್ಕಳನ್ನು ಅಭ್ಯಸಿಸಿದ ಮೀಡ್ 1928ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದರು. ಅಲ್ಲಿ ಹರೆಯವು ನಿರಾತಂಕವಾಗಿ ಸಾಗುತ್ತದೆ, ವಿವಾಹಪೂರ್ವ ಸಂಬಂಧಗಳ ಬಗ್ಗೆ ಸಮಾಜ ಉದಾರವಾಗಿದೆ ಎಂಬ ಚಿತ್ರಣವನ್ನು ಅಮೇರಿಕದ ಓದುಗರು ಕೈಚಾಚಿ ಸ್ವೀಕರಿಸಿದರು.

ಮೀಡ್ 1978ರಲ್ಲಿ ನಿಧನರಾದರು. 1983ರಲ್ಲಿ ಡೆರೆಕ್ ಫ್ರೀಮನ್ ಎಂಬ ಮಾನವಶಾಸ್ತ್ರಜ್ಞರು, ಸಮೋವಾದಲ್ಲಿ ಕನ್ಯತ್ವಕ್ಕೆ ಅಪಾರ ಗೌರವವಿದೆ, ಮೀಡ್ ಬರೆದುದು ಮಿಥ್ಯೆ ಎಂದು ವಾದಿಸಿದರು. ಮೀಡ್‌ರ ಒಡನಾಡಿಯಾಗಿದ್ದ ವೃದ್ಧೆಯೊಬ್ಬರು 1987ರಲ್ಲಿ, ಅಂದು ನಾವು ತಮಾಷೆಗೆ ಸುಳ್ಳು ಹೇಳಿದ್ದೆವು ಎಂದಾಗ ಫ್ರೀಮನ್‌ರ ವಾದಕ್ಕೆ ಮತ್ತಷ್ಟು ಬಲ ಬಂತು. ನೈತಿಕತೆಯ ಪಕ್ಷ ಗೆದ್ದಿತೆಂದು ಬಹಳಷ್ಟು ಮಂದಿ ಸಂತೋಷಪಟ್ಟರು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮೀಡ್‌ರ ಟಿಪ್ಪಣಿಗಳನ್ನು ಶೋಧಿಸಿದ ಮಾರ್ಟಿನ್ ಒರಾನ್ಸ್, ಆಕೆ ಮೋಸ ಹೋದುದಕ್ಕೆ ಪುರಾವೆಯಿಲ್ಲವೆಂದು 1996ರಲ್ಲಿ ಬರೆದರು. ಜೊತೆಗೆ, ಆಕೆಯ ತೀರ್ಮಾನಗಳು ಪರೀಕ್ಷಿಸಲು ಸಾಧ್ಯವಿಲ್ಲದಷ್ಟು ಅಸ್ಪಷ್ಟವಾಗಿವೆ ಎಂದೂ ಹೇಳಿದರು. ಪಾಲ್ ಶಾಂಕ್‌ಮನ್ 2009ರ ತಮ್ಮ ಗ್ರಂಥದಲ್ಲಿ ಫ್ರೀಮನ್‌ರ ಆರೋಪಗಳ ದೌರ್ಬಲ್ಯವನ್ನು ತೋರಿಸಿದರು.

ಇದರಿಂದ ನಾವು ಕಲಿಯಬೇಕಾದುದೇನು? ಸಂಶೋಧಕ ಯಾವ ನಿರೀಕ್ಷೆಯಿಂದ ಹೊರಟನು, ಯಾರನ್ನು ಕೇಳಿದನು, ಎಷ್ಟು ಮಂದಿಯನ್ನು ಕೇಳಿದನು, ಅವನ ಟಿಪ್ಪಣಿಗಳನ್ನು ಇತರರು ಪರಿಶೀಲಿಸಬಹುದೇ ಎಂಬುದನ್ನು ಪ್ರಶ್ನಿಸಬೇಕು. ಅಧ್ಯಯನದ ತೀರ್ಮಾನ ನಮಗೆ ಇಷ್ಟವಾದಾಗಲಂತೂ ಈ ಪ್ರಶ್ನೆಗಳನ್ನು ಇನ್ನಷ್ಟು ಕಟ್ಟುನಿಟ್ಟಾಗಿ ಕೇಳಬೇಕು. ನಮ್ಮ ಸಮುದಾಯದ ಹೆಣ್ಮಕ್ಕಳ ಬಗ್ಗೆ ಅವರನ್ನು ಕೇಳದೆಯೇ ಬರೆಯುವವರನ್ನು ನಾವು ಆಕ್ಷೇಪಿಸುತ್ತೇವೆ. ಅದು ನ್ಯಾಯವೇ. ಆದರೆ ನಾವಾದರೂ ಅವರನ್ನು ಕೇಳಿದ್ದೇವೆಯೇ?

ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 2007ರಲ್ಲಿ ಒಂದು ವರದಿಯನ್ನು ಪ್ರಕಟಿಸಿತು. 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿದ ಆ ಅಧ್ಯಯನದಲ್ಲಿ ಶೇ. 53ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಅನುಭವಿಸಿದ್ದಾಗಿ ತಿಳಿಸಿದರು. ತಪ್ಪಿತಸ್ಥರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರು ಅಥವಾ ಅದರ ವಿಶ್ವಾಸಕ್ಕೆ ಪಾತ್ರರಾದವರು. ಹೆಚ್ಚಿನ ಮಕ್ಕಳು ಆವರೆಗೆ ಯಾರಲ್ಲಿಯೂ ಹೇಳಿಕೊಂಡಿರಲಿಲ್ಲ. ಗಂಡುಮಕ್ಕಳೂ ಇದಕ್ಕೆ ಹೊರತಾಗಿರಲಿಲ್ಲ. ಈ ವರದಿಯನ್ನೂ ಮೇಲಿನ ಪ್ರಶ್ನೆಗಳಿಂದಲೇ ಪರೀಕ್ಷಿಸಿರಿ. ಆದರೆ ಅಪರಿಚಿತ ಸಂಶೋಧಕನಿಗೆ ಹೇಳಿದ ಮಾತನ್ನು ಮಗು ತನ್ನ ತಾಯಿಗೆ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆಯಿಂದ ಮಾತ್ರ ತಪ್ಪಿಸಿಕೊಳ್ಳಬೇಡಿರಿ.

2012ರಲ್ಲಿ ಪೋಕ್ಸೋ ಕಾಯ್ದೆ ಬಂತು. ಆದರೆ ಮಗು ಬಾಯಿ ತೆರೆಯದಿದ್ದರೆ ಹೆಚ್ಚಿನ ವೇಳೆ ಕಾನೂನಿಗೆ ವಿಷಯವೇ ತಿಳಿಯುವುದಿಲ್ಲ. ನಾಚಿಕೆಯು ಉತ್ತಮ ಗುಣ. ಆದರೆ ಅದು ಮಗುವಿನ ಬಾಯಿ ಕಟ್ಟಿ ತಪ್ಪಿತಸ್ಥನನ್ನು ರಕ್ಷಿಸುವುದಾದರೆ ಅದಕ್ಕೆ ನಾಚಿಕೆಯೆಂಬ ಹೆಸರು ಸಲ್ಲದು. ಹಿರಿಯರಿಗೆ ಇಷ್ಟವಾಗುವ ಉತ್ತರವನ್ನೇ ಕೊಡಲು ಮಕ್ಕಳು ಬೇಗನೆ ಕಲಿಯುತ್ತಾರೆ. ಬೈಗುಳದ ಭಯವಿರುವ ಮನೆಯಲ್ಲಿ 'ಏನೂ ಇಲ್ಲಮ್ಮ' ಎಂಬುದೇ ಆ ಉತ್ತರ. ನಿಮ್ಮ ಮಗಳೋ ಮಗನೋ ಏನನ್ನಾದರೂ ಹೇಳಲು ಬಂದಾಗ ಮಧ್ಯೆ ತಡೆಯದೆ, ಗದರದೆ ಪೂರ್ತಿಯಾಗಿ ಆಲಿಸಿರಿ ಎಂದು ವಿನಂತಿಸುತ್ತಾ ನನ್ನ ಮಾತನ್ನು ಮುಗಿಸುತ್ತೇನೆ.